ಚಹಾ ಪ್ರಧಾನ, ಗಿಟಾರ್ ಪಕ್ಕವಾದ್ಯ

‘ಕೆ-ಆನ್!’ ಎಂಬ ಜಪಾನಿ ಚಿತ್ರಕಥೆಯಲ್ಲಿ ವಿರಾಮದ ಸ್ಥಾನಮಾನ: ಯಾವ ಪದವಿಗೂ ಸಲ್ಲಿಸದೆ ಉಳಿದ ಮಹಾಪ್ರಬಂಧವೊಂದರ ಸಂಗ್ರಹ

ಪೀಠಿಕೆ

ವಾದ್ಯವೃಂದಗಳ ಬಗ್ಗೆ ಬರೆದವರೆಲ್ಲ ಇದುವರೆಗೆ ವಾದ್ಯಗಳ ಬಗ್ಗೆಯೇ ಬರೆದಿದ್ದಾರೆ. ವೃಂದದವರು ನುಡಿಸುವಾಗ ಏನು ಮಾಡುತ್ತಾರೆಂಬುದು ಕಿವಿಯಿದ್ದವರಿಗೆಲ್ಲ ಗೊತ್ತಾಗುತ್ತದೆ. ನುಡಿಸದೆ ಕೂತಾಗ ಏನು ಮಾಡುತ್ತಾರೆಂದು ತಿಳಿಯಲು ಶಾಸ್ತ್ರವೇ ಬೇಕು. ಆ ಶಾಸ್ತ್ರಕ್ಕೆ ಈ ಪ್ರಬಂಧಕಾರ ಹಿಡಿದ ಆಕರ ‘ಕೆ-ಆನ್!’. ಕಾಕಿಫ್ಲೈ ಎಂಬ ಕಾವ್ಯನಾಮದವರು 2007ರಿಂದ ‘ಮಂಗಾ ಟೈಮ್ ಕಿರಾರಾ’ ಮಾಸಪತ್ರಿಕೆಯಲ್ಲಿ ಬರೆದ ನಾಲ್ಕು ಚೌಕಗಳ ಚಿತ್ರಕಥೆ ಇದು. ಕ್ಯೋಟೊ ಆನಿಮೇಷನ್ ಸಂಸ್ಥೆ ನಾವೊಕೊ ಯಮಾದಾ ಅವರ ನಿರ್ದೇಶನದಲ್ಲಿ 2009ರಲ್ಲೊಮ್ಮೆ, 2010ರಲ್ಲೊಮ್ಮೆ ಇದನ್ನು ಟಿವಿಗೆ ತಂದಿತು. 2011ರ ಡಿಸೆಂಬರಿನಲ್ಲಿ ಸಿನಿಮಾ ಕೂಡ ಬಂತು. ಐವರು ಹೈಸ್ಕೂಲು ಹುಡುಗಿಯರು ರಾಕ್ ಬ್ಯಾಂಡ್ ಕಟ್ಟುವ ಕಥೆ ಎಂದು ಎಲ್ಲ ಕಡೆ ಬರೆದಿದೆ. ಐವರು ಹುಡುಗಿಯರು ಎಂಬಷ್ಟು ಸರಿ. ಹೈಸ್ಕೂಲು ಎಂಬುದೂ ಸರಿ.

ಪ್ರಬಂಧದ ಪ್ರತಿಜ್ಞೆ ಒಂದೇ ಸೂತ್ರದಲ್ಲಿದೆ: ‘ಚಹಾ ಪ್ರಧಾನಂ, ಶೇಷಂ ಪಕ್ಕವಾದ್ಯಂ.’ ಸಂಸ್ಕೃತ ಸರಿಯಿಲ್ಲ ಅಂದರು ಮಾರ್ಗದರ್ಶಕರು. ಚಹಾ ಸರಿಯಿದೆಯೇ ಸಾರ್ ಎಂದು ಕೇಳಿದ್ದಕ್ಕೆ, ಇನ್ನರ್ಧ ಲೋಟ ಹಾಕು ಅಂದರು. ಸೂತ್ರ ಅಂಗೀಕಾರವಾಯಿತು.

ಪದವಿಚಾರ

ಜಪಾನಿಯಲ್ಲಿ ‘ಕೇ’ ಎಂದರೆ ಹಗುರ, ‘ಒನ್‌ಗಾಕು’ ಎಂದರೆ ಸಂಗೀತ. ಎರಡನ್ನೂ ಕೂಡಿಸಿ ಬಾಲ ಕತ್ತರಿಸಿದರೆ ‘ಕೇ-ಒನ್’. ಅಲ್ಲಿನ ಶಾಲೆಗಳಲ್ಲಿ ರಾಕ್, ಪಾಪ್ ಬ್ಯಾಂಡುಗಳ ಸಂಘಕ್ಕೆ ಇರುವ ವಾಡಿಕೆಯ ಹೆಸರು ಇದು. ಕಥಾನಾಯಕಿ ಯುಯಿ ಹಿರಸಾವ ಈ ಹೆಸರು ಓದಿ, ಹಗುರ ಅಂದಮೇಲೆ ಸುಲಭವೇ ಇರಬೇಕು, ಕ್ಯಾಸ್ಟನೆಟ್ ತಟ್ಟಿಕೊಂಡು ಕೂತರಾಯಿತು ಎಂದು ಅರ್ಜಿ ಹಾಕುತ್ತಾಳೆ. ಜಪಾನಿನ ನೋಡುಗರು ಇಲ್ಲಿ ನಗುತ್ತಾರೆ. ಕನ್ನಡದ ಸಂಶೋಧಕ ನಗಲಾರ. ಇಂಥ ಸಂಗೀತಕ್ಕೆ ನಾವೇ ‘ಸುಗಮ ಸಂಗೀತ’ ಎಂದು ಹೆಸರಿಟ್ಟು ಕೂತಿದ್ದೇವೆ. ಸುಗಮ ಎಂದರೆ ಸಲೀಸು ಎಂದೇ ನಿಘಂಟು ಹೇಳುತ್ತದೆ. ಹಾಗಾಗಿ ಯುಯಿ ಮಾಡಿದ್ದು ತಪ್ಪಲ್ಲ, ಅನುವಾದ. ಕನ್ನಡಕ್ಕೆ ಮಾಡಿದ್ದಾಳೆ, ಅಷ್ಟೆ.

ನಮ್ಮ ಚಹಾಕ್ಕೂ ಜಪಾನಿನ ‘ಚಾ’ಕ್ಕೂ ಚೀನಾವೇ ತವರು. ಹುಡುಗಿಯರು ಕುಡಿಯುವುದು ಹಸಿರು ಚಹಾ ಅಲ್ಲ, ಪಿಂಗಾಣಿ ಕಪ್ಪಿನಲ್ಲಿ ‘ಕೋಚಾ’, ಅಂದರೆ ಕೆಂಪು ಚಹಾ. ಜಪಾನಿಗಳು ಆಪ್ತರ ಹೆಸರಿನ ಕೊನೆಗೆ ‘ಚಾನ್’ ಹಚ್ಚುತ್ತಾರೆ: ಯುಯಿ-ಚಾನ್, ಮಿಯೊ-ಚಾನ್. ಧಾರವಾಡದ ಕಿವಿಗೆ ಪ್ರತಿ ಹೆಸರಿನೊಳಗೂ ಒಂದು ‘ಚಾ’ ಕೇಳಿಸುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಅವರು ಯಾವುದಕ್ಕೆ ಸಂಬಂಧವಿದೆ ಎಂದಿದ್ದಾರೆ?

ಇನ್ನು ‘ಮುಗಿ’ ಶಬ್ದ. ಕೀಬೋರ್ಡ್ ನುಡಿಸುವ ತ್ಸುಮುಗಿ ಕೊಟೊಬುಕಿ ಸಿರಿವಂತರ ಮಗಳು. ಸಂಘದ ಕೋಣೆಗೆ ದಿನವೂ ಕೇಕು ತರುವವಳು, ಚಹಾ ಮಾಡಿ ಬಗ್ಗಿಸಿ ಕೊಡುವವಳು ಅವಳೇ. ಗೆಳತಿಯರು ಅವಳನ್ನು ಕರೆಯುವುದು ಮುಗಿ ಎಂದು. ಇದನ್ನು ‘ಕೊನೆಯಾಗು’ ಎಂದು ತೆಗೆದುಕೊಂಡರೆ ಅರ್ಥ ಕೂಡುವುದಿಲ್ಲ, ಅವಳ ಚಹಾ ಮುಗಿಯುವುದೇ ಇಲ್ಲ. ಆದ್ದರಿಂದ ಇದು ‘ಕೈ ಮುಗಿ’ ಎಂಬುದರ ಉತ್ತರಾರ್ಧ. ಪೂರ್ವಾರ್ಧದಲ್ಲಿ ಕಪ್ಪು ಇರುವುದರಿಂದ ಕೈ ಖಾಲಿಯಿಲ್ಲ.

ಕುಲನಾಮಗಳ ಸಂಗತಿ ತಮಾಷೆಯದಲ್ಲ, ನಿಜ. ಹಿರಸಾವ, ಅಕಿಯಾಮ, ತಾಯಿನಾಕ, ಕೊಟೊಬುಕಿ, ನಕಾನೊ ಈ ಐದೂ 1979ರಲ್ಲಿ ಹುಟ್ಟಿದ ಪಿ-ಮಾಡೆಲ್ ಎಂಬ ಜಪಾನಿ ಬ್ಯಾಂಡಿನ ಸದಸ್ಯರ ಹೆಸರುಗಳು. ಟೀಚರ್ ಸವಾಕೊ ಯಮಾನಾಕ ಅವರ ಹೆಸರು ‘ದ ಪಿಲೋಸ್’ ಬ್ಯಾಂಡಿನ ಸವಾವೊ ಯಮಾನಾಕ ಅವರದ್ದೇ, ಕೊನೆಯ ಅಕ್ಷರ ಮಾತ್ರ ಬೇರೆ. ಹುಟ್ಟುವ ಮೊದಲೇ ರಾಕ್ ವಂಶಾವಳಿಯನ್ನು ಇಷ್ಟು ಜತನದಿಂದ ಹಣೆಗೆ ಬರೆದು ಕಳಿಸಿದರೂ ಹುಡುಗಿಯರು ಕೂತು ಚಹಾ ಕುಡಿದರು.

ಸಂಶೋಧನಾ ವಿಧಾನ

ಯುಯಿಗೆ ಅಂಗಡಿಯಲ್ಲಿ ಒಂದು ಗಿಬ್ಸನ್ ಲೆಸ್ ಪಾಲ್ ಗಿಟಾರ್ ಮೇಲೆ ಮನಸ್ಸಾಗುತ್ತದೆ. ಬೆಲೆ 2,50,000 ಯೆನ್. ಕೈಯಲ್ಲಿರುವುದು ಅಮ್ಮನಿಂದ ಮುಂಗಡ ತಂದ 50,000. ಉಳಿದದ್ದನ್ನು ಹೊಂದಿಸಲು ಆಗ ಸಂಘದಲ್ಲಿದ್ದ ನಾಲ್ವರೂ ರಸ್ತೆ ಬದಿ ಕುರ್ಚಿ ಹಾಕಿಕೊಂಡು ವಾಹನ ಎಣಿಸುವ ದಿನಗೂಲಿ ಹಿಡಿಯುತ್ತಾರೆ. ಕೈಯಲ್ಲೊಂದು ಒತ್ತುವ ಎಣಿಕೆ ಡಬ್ಬಿ, ಒಂದು ಗಾಡಿಗೆ ಒಂದು ಒತ್ತು. ಅಲ್ಲಿಗೂ ಮುಗಿ ತಿಂಡಿ, ಚಹಾ ತಂದಿದ್ದಳು ಎಂಬುದನ್ನು ಗಮನಿಸಬೇಕು.

ಈ ವಿಧಾನ ಪ್ರಬಂಧಕಾರನಿಗೆ ಹಿಡಿಸಿತು. ಎರಡು ಡಬ್ಬಿ ತಂದ. ಎಡಗೈಯದು ಚಹಾಕ್ಕೆ, ಬಲಗೈಯದು ತಾಲೀಮಿಗೆ. ಮೊದಲ ಕಂತಿನಿಂದ ನೋಡುತ್ತ ಕೂತ. ನಾಲ್ಕನೇ ಕಂತಿನ ಹೊತ್ತಿಗೆ ಎಡಗೈ ಹೆಬ್ಬೆರಳು ನೋಯತೊಡಗಿತು. ಬಲಗೈ ಖಾಲಿಯೇ ಇದ್ದುದರಿಂದ ಅದರಲ್ಲೊಂದು ಲೋಟ ಹಿಡಿದುಕೊಂಡ. ಅಲ್ಲಿಂದ ಮುಂದಿನ ದತ್ತಾಂಶ ಲಭ್ಯವಿಲ್ಲ.

ಗಿಟಾರಿನ ವಿಷಯ ಅರ್ಧಕ್ಕೇ ನಿಂತಿತು. ಕೂಲಿಯ ದುಡ್ಡು ಸಾಕಾಗಲಿಲ್ಲ. ಆಗ ಮುಗಿ ಕೌಂಟರಿಗೆ ಹೋಗಿ ಎರಡು ಮಾತಾಡಿದಳು, ಗಿಟಾರ್ 50,000ಕ್ಕೆ ಇಳಿಯಿತು. ಅಂಗಡಿ ಅವಳ ತಂದೆಯ ಬಳಗದ್ದು. ಅವಳಿಗೋ ತಾನು ಚೌಕಾಸಿ ಮಾಡಿ ಗೆದ್ದೆನೆಂಬ ಸಂಭ್ರಮ. ಸೊಪ್ಪಿನವಳ ಮುಂದೆ ಎಂಟಾಣೆಗಾಗಿ ಕಾಲು ಗಂಟೆ ನಿಂತವರಿಗೆ ಮಾತ್ರ ಈ ದೃಶ್ಯದ ಕ್ರೌರ್ಯ ತಿಳಿದೀತು.

ಚತುಷ್ಕೋಣ ಮೀಮಾಂಸೆ

ಜಪಾನಿನ ನಾಲ್ಕು ಚೌಕದ ಕಥೆಗೆ ಒಂದು ಹಳೆಯ ಕಟ್ಟು ಇದೆ: ಆರಂಭ, ಬೆಳವಣಿಗೆ, ತಿರುವು, ಮುಕ್ತಾಯ. ‘ಕೆ-ಆನ್!’ನಲ್ಲಿ ಇದು ಹೀಗಾಗುತ್ತದೆ: ತಾಲೀಮು ಮಾಡೋಣ, ಹೌದು ಮಾಡೋಣ, ಇವತ್ತಿನ ಕೇಕು ಯಾವುದು?; ನಾಲ್ಕನೆಯ ಚೌಕದಲ್ಲಿ ಮಾತಿಲ್ಲ, ಬಾಯಿ ತುಂಬಿದೆ.

ಪೂರ್ವಪಕ್ಷ

ಎದುರಾಳಿಯಿಲ್ಲದೆ ಸಿದ್ಧಾಂತ ನಿಲ್ಲದು. ಇಲ್ಲಿ ಪೂರ್ವಪಕ್ಷಿ ಅಜುಸಾ ನಕಾನೊ. ಒಂದು ವರ್ಷ ಕಿರಿಯಳು. ಉಳಿದವರು ಹೈಸ್ಕೂಲಿಗೆ ಬಂದು ಕೂಡಿಕೊಂಡವರು. ಇವಳು ಮೊದಲೇ ಗಿಟಾರ್ ಬಲ್ಲವಳು, ಫೆಂಡರ್ ಮಸ್ತಾಂಗ್ ಹೆಗಲಿಗೇರಿಸಿಕೊಂಡು ಬಂದವಳು. ಹೊಸ ವಿದ್ಯಾರ್ಥಿಗಳ ಸ್ವಾಗತಕ್ಕೆ ಈ ನಾಲ್ವರು ನುಡಿಸಿದ್ದನ್ನು ಕೇಳಿ, ಇಂಥ ಬ್ಯಾಂಡಿನ ಹಿಂದೆ ಎಂಥ ಸಾಧನೆ ಇದ್ದಿರಬೇಡ ಎಂದುಕೊಂಡು ಸಂಘ ಸೇರಿದಳು.

ಹೋದರೆ ಮೇಜಿನ ಮೇಲೆ ಕೇಕು. ಮರುದಿನ ಹೋದರೆ ಬೇರೆ ಕೇಕು. ಸರಿ, ತಾನಾದರೂ ನುಡಿಸೋಣ ಎಂದು ಗಿಟಾರಿಗೆ ಕೇಬಲ್ ಜೋಡಿಸಿ ಒಂದು ಏಟು ಮೀಟಿದಳು. ಚಹಾ ಹೀರುತ್ತ ಕೂತಿದ್ದ ಸವಾಕೊ ಟೀಚರು ‘ಏನೇ ಅದು ಗಲಾಟೆ!’ ಎಂಬ ಧಾಟಿಯಲ್ಲಿ ಗದರಿದರು. ಸಂಗೀತ ಸಂಘದ ಕೋಣೆ, ಸಂಗೀತದ ಟೀಚರು, ಗದರಿಕೆ ಸಂಗೀತಕ್ಕೆ. ಆ ಟೀಚರು ಹಿಂದೆ ಇದೇ ಸಂಘದಲ್ಲಿ ‘ಡೆತ್ ಡೆವಿಲ್’ ಎಂಬ ಹೆವಿ ಮೆಟಲ್ ಬ್ಯಾಂಡಿನಲ್ಲಿ ಕಿರುಚಿದವರು ಎಂಬುದನ್ನೂ ನೆನೆದರೆ, ನಮ್ಮ ಸೂತ್ರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ತನಿ ಆವರ್ತನ ಶುರುವಾದರೆ ಕಾಫಿಗೆ ಏಳುವವರು ಸಭಿಕರು. ಇಲ್ಲಿ ಎದ್ದವರು ವಿದ್ವಾಂಸರೇ, ಅದೂ ಆಲಾಪನೆಗೆ ಮೊದಲೇ.

ಅಜುಸಾ ಸಿಡಿದಳು. ಹೀಗಾದರೆ ಹೇಗೆ, ಈ ಕಪ್ಪು ಬಸಿಗಳನ್ನೆಲ್ಲ ಇಲ್ಲಿಂದ ಎತ್ತಿಸಿ ಎಂದಳು. ಯುಯಿ ಹೋಗಿ ಅವಳನ್ನು ತಬ್ಬಿ ತಲೆ ಸವರಿದಳು, ಸಿಟ್ಟು ಇಳಿಯಿತು. ಯಾರೋ ಕೇಕಿನ ತುಂಡು ಬಾಯಿಗಿಟ್ಟರು, ಕಣ್ಣು ಅರಳಿತು. ಎದುರಾಳಿಯ ಬಾಯಿಗೆ ಸಿಹಿ ಇಟ್ಟು ಗೆಲ್ಲುವುದನ್ನು ನ್ಯಾಯಶಾಸ್ತ್ರ ಒಪ್ಪುವುದೋ ಇಲ್ಲವೋ, ನಮ್ಮ ಮದುವೆ ಮಾತುಕತೆಗಳಲ್ಲಿ ಇದು ಸಾಧುವಾದ ಪ್ರಮಾಣ.

ಆದರೆ ಇಲ್ಲೊಂದು ತೊಡಕಿದೆ, ಪ್ರಬಂಧಕಾರ ಅದನ್ನು ಮುಚ್ಚಿಡಲಾರ. ಅಜುಸಾ ಅಷ್ಟಕ್ಕೆ ಸುಮ್ಮನಾಗದೆ ಹೊರಗಿನ ಬ್ಯಾಂಡುಗಳನ್ನು ಕೇಳಲು ಹೋಗುತ್ತಾಳೆ. ಅವರೆಲ್ಲ ಇವರಿಗಿಂತ ಚೆನ್ನಾಗಿ ನುಡಿಸುವವರು. ಕೈ ಓಡುತ್ತದೆ, ತಾಳ ತಪ್ಪುವುದಿಲ್ಲ. ಆದರೂ ಆ ಸ್ವಾಗತದ ದಿನ ಎದೆಯಲ್ಲಿ ಆದದ್ದು ಇಲ್ಲಿ ಆಗಲಿಲ್ಲ. ಯಾಕೆಂದು ತಿಳಿಯದೆ, ಕೋಣೆಗೆ ಬಂದು ಎಲ್ಲರೆದುರು ಅತ್ತುಬಿಟ್ಟಳು. ನಾಲ್ವರೂ ಮಾತಾಡದೆ ವಾದ್ಯ ಹಿಡಿದು ಅವಳಿಗಾಗಿ ನುಡಿಸಿದರು. ಆಮೇಲೆ ಬಾಸ್ ಗಿಟಾರಿನ ಮಿಯೊ, ನನಗೆ ಇವರ ಜೊತೆ ನುಡಿಸುವುದು ಇಷ್ಟ, ಈ ಹೊತ್ತು ಕಳೆಯುವುದೂ ಅದಕ್ಕೆ ಬೇಕು ಎಂಬರ್ಥದ ಮಾತು ಹೇಳಿದಳು.

ಚಹಾ ಪ್ರಧಾನವೆಂದು ಸಾಧಿಸಲು ಹೊರಟವನಿಗೆ ಇದು ಪೇಚು. ಇವರು ಚಹಾ ಕುಡಿದದ್ದು ನುಡಿಸುವುದಕ್ಕಾಗಿಯೇ ಎಂದಾದರೆ ಸೂತ್ರ ತಲೆಕೆಳಗಾಗುತ್ತದೆ. ಪ್ರಬಂಧಕಾರ ಇದನ್ನು ಯೋಚಿಸುತ್ತ ಎರಡು ತಿಂಗಳು ಕಳೆದ. ಒಲೆಯ ಮೇಲಿಟ್ಟದ್ದು ಎರಡು ಸಲ ಉಕ್ಕಿತು. ಕೊನೆಗೆ ಪರಿಹಾರ ಸಿಕ್ಕಿದ್ದು ಯುಯಿಯ ಒಂದು ಹಾಡಿನ ಹೆಸರಿನಲ್ಲಿ: ‘ಗೋಹನ್ ವಾ ಒಕಾಜು’. ಅನ್ನವೇ ನೆಂಚಿಕೊಳ್ಳುವ ಪದಾರ್ಥ ಎಂದು ಅರ್ಥ. ಉಪ್ಪಿನಕಾಯಿಯನ್ನು ಅನ್ನಕ್ಕೆ ನೆಂಚಿಕೊಳ್ಳುತ್ತೇವೋ, ಅನ್ನವನ್ನೇ ಉಪ್ಪಿನಕಾಯಿಗೆ ನೆಂಚಿಕೊಳ್ಳುತ್ತೇವೋ? ಮಾವಿನ ಮಿಡಿ ಜಾಡಿಯಿರುವ ಮನೆಯಲ್ಲಿ ಬೆಳೆದ ಯಾರೂ ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಲಾರರು. ಪೂರ್ವಪಕ್ಷ ಇಲ್ಲಿಗೆ ತಳ್ಳಿಹಾಕಲ್ಪಟ್ಟಿದೆ. ಮುಂದೆ ಬೇಸಗೆ ಶಿಬಿರಕ್ಕೆ ಸಮುದ್ರತೀರಕ್ಕೆ ಹೋದಾಗ ಮೊದಲು ತಾಲೀಮು ಎಂದು ಹಟ ಹಿಡಿದ ಅಜುಸಾಳೇ ನೀರಲ್ಲಿ ಎಲ್ಲರಿಗಿಂತ ಹೆಚ್ಚು ಆಡಿ, ಎಲ್ಲರಿಗಿಂತ ಕಪ್ಪಗಾಗಿ ಬಂದಳೆಂಬುದನ್ನೂ ದಾಖಲಿಸಬೇಕು.

ಪ್ರತಿಭಾ ಪ್ರಕರಣ

ಚಿಕ್ಕದು. ಯುಯಿಗೆ ಯಂತ್ರದ ಹಂಗಿಲ್ಲದೆ ಕಿವಿಯಲ್ಲೇ ಶ್ರುತಿ ಹಿಡಿಯುವ ವರವಿದೆ. ಆದರೆ ತಲೆಯಲ್ಲಿ ಒಂದು ಸಲಕ್ಕೆ ಒಂದೇ ವಿದ್ಯೆಗೆ ಜಾಗ. ಪರೀಕ್ಷೆಯಲ್ಲಿ ನಪಾಸಾದಾಗ ಗೆಳತಿಯರೆಲ್ಲ ಸೇರಿ ಓದಿಸುತ್ತಾರೆ. ಮರುಪರೀಕ್ಷೆಯಲ್ಲಿ ನೂರಕ್ಕೆ ನೂರು ಬರುತ್ತದೆ. ಗಿಟಾರ್ ಹಿಡಿದರೆ, ಕಲಿತಿದ್ದ ಕಾರ್ಡುಗಳೆಲ್ಲ ಮಾಯ. ಅಂಕಪಟ್ಟಿಗೂ ಸಂಗೀತಕ್ಕೂ ನಡುವೆ ಮಕ್ಕಳನ್ನು ಎಳೆದಾಡುವ ತಂದೆತಾಯಿಗಳು ಈ ಕಂತನ್ನು ನೋಡದಿರುವುದು ಒಳ್ಳೆಯದು.

ಲೌಕಿಕದ ಕಡೆ ನೋಡಿದರೆ, ‘ಹೋಕಾಗೊ ಟೀ ಟೈಮ್’ ಎಂಬ ಈ ಇಲ್ಲದ ಬ್ಯಾಂಡಿನ ಹೆಸರಲ್ಲಿ 2009ರ ಜುಲೈಯಲ್ಲಿ ಬಂದ ಕಿರು ಆಲ್ಬಮ್ ಜಪಾನಿನ ಒರಿಕಾನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಇವರ ಎರಡು ಹಾಡುಗಳು ಒಂದೇ ವಾರ ಒಂದು ಮತ್ತು ಎರಡನೇ ಸ್ಥಾನ ಹಿಡಿದವು. ಆ ಹೆಸರಿನ ಅರ್ಥ ‘ಶಾಲೆ ಬಿಟ್ಟ ಮೇಲಿನ ಚಹಾ ಹೊತ್ತು’. ಗಿಟಾರಿನ ಸುಳಿವೇ ಇಲ್ಲದ ಹೆಸರು. ಪ್ರಬಂಧಕಾರ ಇದಕ್ಕೆ ಭಾಷ್ಯ ಬರೆಯುವುದಿಲ್ಲ.

ಕೂರ್ಮಾಧ್ಯಾಯ

ಶಿಗಾ ಪ್ರಾಂತದ ತೊಯೊಸಾತೊ ಊರಿನಲ್ಲಿ 1937ರಲ್ಲಿ ಪ್ರಾಥಮಿಕ ಶಾಲೆಗೆಂದು ಕಟ್ಟಿದ ಕಟ್ಟಡವೊಂದಿದೆ. ಅಮೆರಿಕದಲ್ಲಿ ಹುಟ್ಟಿ ಜಪಾನಿನಲ್ಲೇ ನೆಲೆನಿಂತ ವಿಲಿಯಂ ಮೆರೆಲ್ ವೋರೀಸ್ ಅದರ ವಾಸ್ತುಶಿಲ್ಪಿ. ಮೆಂಥೊಲೇಟಮ್ ಮುಲಾಮನ್ನು ಜಪಾನಿಗೆ ಪರಿಚಯಿಸಿದ್ದೂ ಇದೇ ಮಹಾಶಯರು. ಕಟ್ಟಡ, ಮಂಡಿನೋವು ಎರಡಕ್ಕೂ ಒಂದೇ ಕೈ. 2002ರ ಹೊತ್ತಿಗೆ ಊರಿನ ಆಡಳಿತ ಕಟ್ಟಡ ಕೆಡವಲು ಹೊರಟಾಗ ಊರವರು ಹೋರಾಡಿ ಉಳಿಸಿಕೊಂಡರು. ಚಿತ್ರದಲ್ಲಿ ಕಾಣುವ ಶಾಲೆಗೆ ಇದೇ ಮಾದರಿ. ಇಲ್ಲಿನ ಮೆಟ್ಟಿಲ ಪಕ್ಕದ ಕೈಹಿಡಿಯ ಮೇಲೆ ಕಂಚಿನ ಪುಟ್ಟ ಆಮೆ, ಮೊಲ ಕೂತಿವೆ. ಕೆಳಗಿನಿಂದ ಹತ್ತುತ್ತ ಹೋದರೆ ಈಸೋಪನ ಓಟದ ಕಥೆ ಬಿಚ್ಚಿಕೊಳ್ಳುತ್ತದೆ. ಹುಡುಗಿಯರು ಆಮೆಯನ್ನು ದಾಟಿಕೊಂಡು ಮೇಲೆ ಹೋಗುತ್ತಾರೆ. ಮೇಲೆ ಹೋಗಿ ಮಾಡುವುದೇನೆಂದು ಈಗಾಗಲೇ ನಿರೂಪಿಸಿದ್ದಾಗಿದೆ.

ಎರಡನೆಯ ಆಮೆ ಸಂಘದ ಕೋಣೆಯಲ್ಲೇ ಇದೆ. ಉಗ್ರಾಣ ಗುಡಿಸುವಾಗ ಸವಾಕೊ ಟೀಚರ ಹಳೆಯ ಗಿಟಾರೊಂದು ಸಿಗುತ್ತದೆ. ಮಾರಲು ಒಯ್ದರೆ ಅಂಗಡಿಯವರು 5,00,000 ಯೆನ್ ಎಣಿಸುತ್ತಾರೆ. ಹುಡುಗಿಯರು 10,000 ಬಂತೆಂದು ಟೀಚರಿಗೆ ಸುಳ್ಳು ಹೇಳುತ್ತಾರೆ. ರಸೀದಿ ಕೇಳಿದಾಗ ಡ್ರಮ್ಸಿನ ರಿತ್ಸು ಅದನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಾಳೆ. ಆಡಿಟ್ ನಡೆಯುವ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ತಂತ್ರವಲ್ಲ, ಹಲ್ಲು ಗಟ್ಟಿ ಇರಬೇಕು ಅಷ್ಟೆ. ಈ ಪ್ರಕರಣದ ಕೊನೆಗೆ ಸಂಘಕ್ಕೆ ಬಂದದ್ದು ಹೊಸ ಸ್ಪೀಕರ್ ಅಲ್ಲ, ಹಂದಿಮೂತಿಯ ಒಂದು ಆಮೆ. ಹೆಸರು ಟೊನ್-ಚಾನ್. ಅಜುಸಾಗೆ ಕಿರಿಯರು ಯಾರೂ ಇಲ್ಲವಲ್ಲ, ಅವಳಿಗೊಬ್ಬ ಕಿರಿಯ ಸದಸ್ಯ ಇರಲಿ ಎಂದು ತಂದದ್ದು. ಗಾಜಿನ ತೊಟ್ಟಿಯಲ್ಲಿ ಅದು ಕೈಕಾಲು ಬೀಸುತ್ತ ತೇಲುತ್ತಿರುತ್ತದೆ. ಆ ಕೋಣೆಯಲ್ಲಿ ಬಿಡುವಿಲ್ಲದೆ ಅಭ್ಯಾಸ ಮಾಡುವ ಜೀವ ಅದೊಂದೇ.

ಅನುಬಂಧ

ಹಿರಿಯ ನಾಲ್ವರು ಶಾಲೆ ಮುಗಿಸಿ ಕಾಲೇಜಿಗೆ ಹೋದರು. ಅಜುಸಾ ಉಳಿದಳು. ಚಹಾದ ಸಾಮಾನೂ ಕೋಣೆಯಲ್ಲೇ ಉಳಿಯಿತು. ಟಿವಿ ಸರಣಿ ಇದರಾಚೆ ಹೋಗಲಿಲ್ಲ, ಚಿತ್ರಕಥೆ ಹೋಯಿತು. ಅದರ ಮುಂದುವರಿಕೆಯಲ್ಲಿ ಸುಮಿರೆ ಎಂಬ ಹೊಸ ಹುಡುಗಿ ಶಾಲೆಗೆ ಸೇರುತ್ತಾಳೆ. ಮುಗಿಯ ಮನೆಗೆ ಸೇರಿದವಳು. ಸಂಘದ ಕೋಣೆಯಲ್ಲಿ ನಮ್ಮ ಕಪ್ಪು ಬಸಿಗಳಿವೆ, ಯಾರಿಗೂ ಗೊತ್ತಾಗದಂತೆ ಎತ್ತಿಕೊಂಡು ಬಾ ಎಂದು ಅವಳಿಗೆ ಹೇಳಿ ಕಳಿಸಲಾಗಿದೆ. ಈ ಕಪ್ಪುಗಳನ್ನು ಎತ್ತಿಸಿ ಎಂದು ಒಂದು ಕಾಲದಲ್ಲಿ ಕೂಗಾಡಿದ್ದ ಅಜುಸಾ ಈಗ ಆ ಕೋಣೆಯ ಯಜಮಾನಿ.

ಸುಮಿರೆ ಕಪ್ಪುಗಳಿಗಾಗಿ ಬಂದಳು. ಕೂಡಿಸಿ ಚಹಾ ಕೊಟ್ಟರು. ಸಂಘಕ್ಕೆ ಸೇರಿದಳು. ಕಪ್ಪುಗಳು ಅಲ್ಲೇ ಇವೆ.