ತಾರಿಹಾಳದಿಂದ ತುರ್ಕಸ್ಥಾನಕ್ಕೆ: ಗುಂಪು ಪ್ರವಾಸದ ಶಾಸ್ತ್ರೀಯ ವಿವೇಚನೆ

ಪೀಠಿಕೆ

ಹುಬ್ಬಳ್ಳಿ ಬಳಿಯ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮಷಿನ್‌ಗಳು ನಿಂತಾಗ ಅವುಗಳ ಮಾಲೀಕರಲ್ಲಿ ಉಂಟಾಗುವ ಚಲನೆಗೆ ‘ಗ್ರೂಪ್ ಟೂರ್’ ಎಂದು ಹೆಸರು. ಇದರ ಲಕ್ಷಣಗಳು ಎರಡು. ವಿಮಾನ ನಿಲ್ದಾಣ ಊರ ಮಗ್ಗುಲಲ್ಲೇ ಇದ್ದರೂ ಇಸ್ತಾಂಬುಲ್ ಕಾಣಲು ಮೊದಲು ಮುಂಬಯಿಯನ್ನೋ ಬೆಂಗಳೂರನ್ನೋ ಮುಟ್ಟಬೇಕು. ಹಾಗೂ, ಪಾಸ್‌ಪೋರ್ಟ್ ಮರೆತು ಬಂದವರು ಸಿಕ್ಕಾರು, ಶೇಂಗಾ ಚಟ್ನಿ ಮರೆತವರು ಸಿಗಲಾರರು.

ಪೂರ್ವಪಕ್ಷ: ಜನ ಹೊಸದನ್ನು ನೋಡಲು ಪ್ರವಾಸ ಹೋಗುತ್ತಾರೆ.
ಸಿದ್ಧಾಂತ: ಇಲ್ಲ. ಹೊಸದು ಊರಿನದಕ್ಕಿಂತ ಎಷ್ಟು ಕಡಿಮೆ ಎಂದು ಅಳೆಯಲು ಹೋಗುತ್ತಾರೆ.

ಪ್ರಮಾಣ 1: ಗುಮ್ಮಟ

ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ, 537ರಲ್ಲಿ, ಪೂರ್ಣಗೊಂಡ ಇಗರ್ಜಿ. 1453ರಲ್ಲಿ ಮಸೀದಿ, 1935ರಲ್ಲಿ ವಸ್ತುಸಂಗ್ರಹಾಲಯ, 2020ರಲ್ಲಿ ಮತ್ತೆ ಮಸೀದಿ. ಇಷ್ಟನ್ನು ಹೇಳಿ ಗೈಡ್ ಉಸಿರು ಬಿಡುವಷ್ಟರಲ್ಲಿ ತಂಡದ ಹಿರಿಯ ಕಾಕಾ ಗುಮ್ಮಟದ ಅಡ್ಡಳತೆ ಕೇಳುತ್ತಾರೆ. ಸುಮಾರು 31 ಮೀಟರ್ ಎಂಬ ಉತ್ತರ ಬರುತ್ತದೆ.

“ನಮ್ಮ ಗೋಳಗುಮ್ಮಟ 38ರ ಹತ್ತಿರ ಐತ್ರೀ,” ಎಂದು ಕಾಕಾ ಅಚ್ಚಗನ್ನಡದಲ್ಲಿ ತೀರ್ಪು ಕೊಟ್ಟು, ಪ್ರತಿಧ್ವನಿ ಬರುವುದೋ ಎಂದು ಒಂದು ಚಪ್ಪಾಳೆಯನ್ನೂ ತಟ್ಟುತ್ತಾರೆ. ಕಾವಲುಗಾರ ಬರುತ್ತಾನೆ, ಪ್ರತಿಧ್ವನಿ ಬರುವುದಿಲ್ಲ. ಗೋಳಗುಮ್ಮಟ ಮುಗಿದದ್ದು 1656ರ ಸುಮಾರಿಗೆ, ಅಂದರೆ ಸಾವಿರದ ನೂರು ವರ್ಷ ತಡವಾಗಿ, ಎಂಬ ಅಂಶ ನಮ್ಮ ಸಿದ್ಧಾಂತಕ್ಕೆ ಅನುಕೂಲವಲ್ಲವಾದ್ದರಿಂದ ಅದನ್ನು ಇಲ್ಲಿ ಚರ್ಚಿಸಿಲ್ಲ.

ಪ್ರಮಾಣ 2: ಚಹಾ

ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಕೆಂಪು ಡಿಕಾಕ್ಷನ್, ತಟ್ಟೆಯಂಚಿಗೆ ಸಕ್ಕರೆಯ ತುಂಡು. ಮಾವಶಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, “ಹಾಲು ಹಿಂದಿಂದ ತರ್ತಾರೇನ?” ಎಂದು ಕಾಯುತ್ತಾರೆ. ಹಾಲು ಬರುವುದಿಲ್ಲ. ಐರಾನ್ ಎಂಬ ಉಪ್ಪು ಮಜ್ಜಿಗೆ ಕುಡಿದಾಗ ಮಾತ್ರ ತುರ್ಕರನ್ನು ಅರ್ಧ ಕ್ಷಮಿಸಲಾಗುತ್ತದೆ. ಒಗ್ಗರಣೆ ಹಾಕದ ತಪ್ಪಿಗೆ ಉಳಿದರ್ಧ ಬಾಕಿ. ಸಾವಿರಾರು ಅಂಗಡಿಗಳ ಗ್ರ್ಯಾಂಡ್ ಬಜಾರ್‌ನಲ್ಲಿ ಲೋಕುಂ ಎಂಬ ಮಿಠಾಯಿ ತಿಂದು, ಧಾರವಾಡ ಪೇಢೆಯ ಪರವಾಗಿ ಒಮ್ಮತದ ಠರಾವು ಪಾಸಾಗುತ್ತದೆ. ಆಮೇಲೆ ಎಲ್ಲರೂ ಎರಡೆರಡು ಡಬ್ಬಿ ಲೋಕುಂ ಕೊಳ್ಳುತ್ತಾರೆ.

ಪ್ರಮಾಣ 3: ಪ್ರಸಾದ

ಕೊನ್ಯಾ ಒಂದು ಕಾಲಕ್ಕೆ ಸೆಲ್ಜುಕ್ ದೊರೆಗಳ ರಾಜಧಾನಿ. 1273ರಲ್ಲಿ ತೀರಿಕೊಂಡ ಸೂಫಿ ಕವಿ ಜಲಾಲುದ್ದೀನ್ ರೂಮಿಯ ಸಮಾಧಿ ಇರುವ ಊರು. ಸಿದ್ಧಾರೂಢ ಮಠದ ಸೀಮೆಯವರಾದ ನಮ್ಮ ತಂಡಕ್ಕೆ ಇಲ್ಲಿ ಹುಟ್ಟುವ ಪ್ರಶ್ನೆ ಒಂದೇ: “ಊಟದ ಪಂಕ್ತಿ ಎಲ್ಲೈತ್ರೀ?” ನಗಬೇಡಿ. ರೂಮಿಯ ಪಂಥದಲ್ಲಿ ದೀಕ್ಷೆ ಬಯಸಿದವನು 1001 ದಿನ ಸೇವೆ ಮಾಡಬೇಕಿತ್ತು, ಅದರ ಪಾಠಶಾಲೆಯೇ ಅಡುಗೆಮನೆ. ರೂಮಿಯ ಅಡುಗೆಯವನಿಗೂ ಕೊನ್ಯಾದಲ್ಲಿ ಪ್ರತ್ಯೇಕ ಸಮಾಧಿಯುಂಟು. ತಪ್ಪು ಕಾರಣಕ್ಕೆ ಕೇಳಿದ ಪ್ರಶ್ನೆಯೂ ಸರಿಯಾದ ಬಾಗಿಲು ತಟ್ಟಬಹುದು ಎಂಬುದು ಇಲ್ಲಿನ ಉಪಸಿದ್ಧಾಂತ.

ಆಕ್ಷೇಪ ಮತ್ತು ಪರಿಹಾರ

ತುರ್ಕಿಗೂ ನಮಗೂ ಏನು ಸಂಬಂಧ ಎಂದು ಕೇಳುವವರುಂಟು. ಬಿಜಾಪುರದ ಆದಿಲ್‌ಶಾಹಿ ಸ್ಥಾಪಿಸಿದ ಯೂಸುಫನು ತುರ್ಕಿಯ ಸುಲ್ತಾನ ಎರಡನೆಯ ಮುರಾದನ ಮಗನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅಣ್ಣ ಪಟ್ಟಕ್ಕೆ ಬಂದಾಗ ತಾಯಿ ಬೇರೊಬ್ಬ ಹುಡುಗನನ್ನು ಬದಲಿಗಿಟ್ಟು ಇವನನ್ನು ವರ್ತಕನ ಕೈಗೊಪ್ಪಿಸಿ ಪಾರುಮಾಡಿದಳು ಎಂಬುದು ಅವನು ಹೇಳುವ ಕಥೆ. ಇಂದಿನ ಇತಿಹಾಸಕಾರರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಫಿರಿಶ್ತಾ ಬರೆಯುತ್ತಿದ್ದುದು ಬಿಜಾಪುರದ ಆಸ್ಥಾನದಲ್ಲೇ ಕೂತು. ಪಗಾರ ಕೊಡುವವನ ವಂಶವೃಕ್ಷಕ್ಕೆ ನೀರೆರೆಯುವುದು ವಿದ್ವಾಂಸರ ಹಳೆಯ ಕಸುಬು. ಆದರೆ ಬಿಜಾಪುರದ ಕೋಟೆಯ ಮೇಲಿನ ಮಲಿಕ್-ಎ-ಮೈದಾನ್ ತೋಪಿಗೆ ಸುಳ್ಳು ಹೇಳಲು ಬಾರದು. ಸುಮಾರು 55 ಟನ್ ತೂಗುವ ಅದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ತುರ್ಕ. ತಾರಿಹಾಳದ ಕಸುಬುದಾರರು ಕೈಮುಗಿಯಬೇಕಾದ ತುರ್ಕಿ, ಹೀಗೆ, ಸುಮಾರು 200 ಕಿ.ಮೀ. ದೂರದಲ್ಲೇ ಇದೆ.

ಫಲಶ್ರುತಿ

ಈ ಸಂಶೋಧನೆಯ ಆಧಾರದ ಮೇಲೆ ಮುಂದಿನ ಪ್ರವಾಸ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಎಂಬ ಸೂಚನೆಯನ್ನು ತಂಡದ ಸಭೆಯಲ್ಲಿ ಮಂಡಿಸಲಾಯಿತು. ಗೋಳಗುಮ್ಮಟವನ್ನು ಶಾಲೆಯ ಟ್ರಿಪ್ಪಿನ ನಂತರ ಮತ್ತೆ ಕಂಡವರು ಸಭೆಯಲ್ಲಿ ಒಬ್ಬರೂ ಇರಲಿಲ್ಲ. “ಅಲ್ಲೇನೈತ್ರೀ ನೋಡಾಕ?” ಎಂದರು ಕಾಕಾ. ಸೂಚನೆ ಬಿದ್ದುಹೋಯಿತು, ಈಜಿಪ್ಟ್ ಅವಿರೋಧವಾಗಿ ಆಯ್ಕೆಯಾಯಿತು.