ಪಾತ್ರಾಶಾಸನ ಮೀಮಾಂಸೆ ಅಥವಾ ಸ್ವಬೀದಿಯಲ್ಲಿ ಹಳೇ ಸಾಮಾನಿನ ವ್ಯಾಪಾರ

ಶಾಸ್ತ್ರ ಯಾವುದೇ ಇರಲಿ, ಅನುಬಂಧ ಚತುಷ್ಟಯ ಹೇಳದೆ ಹೆಜ್ಜೆ ಇಡಬಾರದೆಂದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ: ಹುಟ್ಟಿ ಬೆಳೆದ ಬೀದಿಯಲ್ಲೇ ಹತ್ತಡಿ ಅಗಲದ ಹಳೇ ಸಾಮಾನಿನ ಅಂಗಡಿ. ಅಧಿಕಾರಿ: ಕೆಲಸ ಬಿಟ್ಟು ಮನೆಯಲ್ಲಿ ಕೂತು, "ಮೊದಲು ಆ ಅಟ್ಟ ಖಾಲಿ ಮಾಡಿ" ಎಂದು ಹೆಂಡತಿಯಿಂದ ದೀಕ್ಷೆ ಪಡೆದವನು. ಸಂಬಂಧ: ಬೀದಿಯವರೆಲ್ಲ ಸಂಬಂಧವೇ, ತೊಡಕು ಶುರುವಾಗುವುದೂ ಅಲ್ಲೇ. ಪ್ರಯೋಜನ: ಈವರೆಗೆ ಕಂಡುಬಂದಿಲ್ಲ.

ಕ್ಷೇತ್ರ ಮಲ್ಲೇಶ್ವರ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರು ಬಂದು ನೆಲೆಸಿದ ಬಡಾವಣೆ. ಬರುವಾಗ ಹಂಡೆ, ಕೊಳಗ, ಒರಳುಕಲ್ಲು ಎಲ್ಲವನ್ನೂ ಹೊತ್ತು ತಂದರು. ಆಮೇಲೆ ಬಂದ ಯಾವ ತಲೆಮಾರೂ ಒಂದು ಸೌಟನ್ನೂ ಹೊರಹಾಕಲಿಲ್ಲ. ಆದ್ದರಿಂದ ಕಚ್ಚಾವಸ್ತುವಿಗೆ ಕೊರತೆ ಇಲ್ಲ.

ಮೊದಲು ಬಂದದ್ದು ನಾಮಫಲಕದ ಪ್ರಶ್ನೆ. 2024ರ ತಿದ್ದುಪಡಿಯಂತೆ ಫಲಕದಲ್ಲಿ ಶೇ. 60 ಕನ್ನಡವಿರಬೇಕು. 'ಹಳೇ ಸಾಮಾನು' ಎಂದು ಬರೆಸಲು ಹೊರಟಾಗ ಈ ಲೇಖಕನೊಳಗಿನ ಭಾಷಾಶಾಸ್ತ್ರಿ ಎಚ್ಚೆತ್ತ. 'ಸಾಮಾನು' ಪಾರಸಿ ಮೂಲದ್ದು. ಐದಕ್ಷರದಲ್ಲಿ ಅಚ್ಚಗನ್ನಡ ಎರಡೇ, ಅಂದರೆ ಶೇ. 40. ಕೊನೆಗೆ 'ಅಂಗಡಿ' ಸೇರಿಸಿ ಎಂಟಕ್ಕೆ ಐದು, ಶೇ. 62.5 ಮಾಡಿ ಕಾನೂನಿಗೆ ತಲೆಬಾಗಿದ್ದಾಯಿತು. ಬೋರ್ಡ್ ಬರೆಯುವವನು ಈ ವಿವರಣೆಯನ್ನು ಪೂರ್ತಿ ಕೇಳಿ, ಅಕ್ಷರಕ್ಕಿಷ್ಟು ಎಂದು ಮೂರಕ್ಷರದ ದುಡ್ಡು ಹೆಚ್ಚಿಗೆ ತೆಗೆದುಕೊಂಡ.

ಇನ್ನು ಮುಖ್ಯ ಪ್ರಮೇಯ. ಬಿ.ಎಲ್. ರೈಸ್ ಸೀಮೆಯುದ್ದಕ್ಕೂ ಅಲೆದು ಎಪಿಗ್ರಾಫಿಯಾ ಕರ್ನಾಟಿಕಾಕ್ಕೆ ಸಾವಿರಾರು ಶಾಸನಗಳನ್ನು ಸಂಗ್ರಹಿಸಿದರು, ಸರಿ. ಆದರೆ ಸ್ಟೀಲ್ ಲೋಟಗಳನ್ನು ಬೋರಲು ಹಾಕಿ ನೋಡುವ ಭಾಗ್ಯ ಅವರ ಕಾಲಕ್ಕೆ ಇರಲಿಲ್ಲ. ದಾನಶಾಸನ ನಮ್ಮ ಬಡಾವಣೆಗೆ ಹೊಸದೇನಲ್ಲ: ಶಿವಾಜಿಯ ಮಲತಮ್ಮ ಏಕೋಜಿ 1669ರಲ್ಲಿ ಮೇದರನಿಂಗನಹಳ್ಳಿಯನ್ನು ಇಲ್ಲಿಯ ಮಲ್ಲಿಕಾರ್ಜುನ ದೇವರಿಗೆ ಬಿಟ್ಟುಕೊಟ್ಟು ಶಾಸನ ಬರೆಸಿದ. ಅದೇ ಪರಂಪರೆಯಲ್ಲಿ ನಮ್ಮ ತಾಯಂದಿರು ಚೊಂಬು, ಡಬ್ಬಿ, ಹರಿವಾಣಗಳ ಮೇಲೆ ಹೆಸರು ಹಾಕಿಸಿದರು. ಲಿಪಿ ಚುಕ್ಕಿಗನ್ನಡ. ಒಕ್ಕಣೆಯಲ್ಲಿ ದಾನಿ, ಪ್ರತಿಗ್ರಹಿ, ತಾರೀಖು, ಸಂದರ್ಭ. ನನ್ನ ಸಂಗ್ರಹದ ಒಂದು ಡಬರಿಯಲ್ಲಿ 'ಗ್ರಹಪ್ರವೇಶ' ಎಂದಿದೆ. ಇದು ಲಿಪಿಕಾರನ ಪ್ರಮಾದವೋ ಮಂಗಳಯಾನದ ಪೂರ್ವಸೂಚನೆಯೋ, ಇನ್ನೂ ತೀರ್ಮಾನವಾಗಿಲ್ಲ.

ಒಂದು ವ್ಯತ್ಯಾಸ ಮಾತ್ರ ಗಮನಾರ್ಹ. ಕಲ್ಲಿನ ಶಾಸನದ ಕೊನೆಗೆ ಶಾಪಾಶಯ ಇರುತ್ತದೆ: ದಾನ ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಬೇಕು. ಲೋಟದಲ್ಲಿ ಅಷ್ಟು ಜಾಗವಿಲ್ಲ. ಹಾಗಾಗಿ ಶಾಪ ಖುದ್ದಾಗಿ, ಚಪ್ಪಲಿ ಮೆಟ್ಟಿಕೊಂಡು, ಸಂಜೆ ಐದಕ್ಕೆ ಅಂಗಡಿಗೆ ಬರುತ್ತದೆ.

"ಇದು ಎದುರುಮನೆ ಹುಡುಗಿ ಮದುವೇಲಿ ನಾನು ಕೊಟ್ಟ ಚೊಂಬು. ನಿನ್ನ ಹತ್ರ ಹೇಗೆ ಬಂತೋ?" ಎಂದರು ಮೂಲೆಮನೆ ಮಾಮಿ.

"ತೂಕಕ್ಕೆ ಬಂತು ಮಾಮಿ."

"ತೂಕಕ್ಕಾ? ಎಷ್ಟು ಕೊಟ್ಟೆ?"

"ನೂರಿಪ್ಪತ್ತು."

"ಆ ಕಾಲಕ್ಕೇ ನೂರೈವತ್ತು ಕೊಟ್ಟಿದ್ದೆ ಕಣೋ ನಾನು. ನಿಮ್ಮಮ್ಮನೂ ಜೊತೇಲಿದ್ಲು, ಕೇಳು ಬೇಕಾದ್ರೆ."

ಚೊಂಬನ್ನು ಅವರು ಕೊಳ್ಳಲಿಲ್ಲ. ಬೇರೆ ಯಾರೂ ಕೊಳ್ಳದ ಹಾಗೆ ಹೆಸರು ಕಾಣುವಂತೆ ತಿರುಗಿಸಿಟ್ಟು ಹೋದರು. ಇದರಿಂದ ಸಿದ್ಧವಾಗುವ ಸೂತ್ರ: ಪರಿಚಯ ಏರಿದಂತೆ ಬೆಲೆ ಇಳಿಯುತ್ತದೆ. ಹದಿನೈದನೇ ಕ್ರಾಸಿನವರು ಹೇಳಿದ್ದಕ್ಕಿಂತ ಹತ್ತು ಕಡಿಮೆ ಕೊಡುತ್ತಾರೆ. ಪಕ್ಕದ ಬೀದಿಯವರು ಅರ್ಧಕ್ಕೆ ಕೇಳುತ್ತಾರೆ. ಸ್ವಬೀದಿಯವರು, ನಾನು ಐದನೇ ಕ್ಲಾಸಿನಲ್ಲಿ ಕ್ರಿಕೆಟ್ ಚೆಂಡಿನಿಂದ ಒಡೆದ ಕಿಟಕಿ ಗಾಜಿನ ಲೆಕ್ಕ ಮುರಿದುಕೊಂಡು, ಬಾಕಿ ನನ್ನಿಂದಲೇ ಬರಬೇಕೆನ್ನುತ್ತಾರೆ. ಎಚ್‌ಎಂಟಿ ಗಡಿಯಾರಗಳು ಮಾತ್ರ ಈ ಸೂತ್ರಕ್ಕೆ ಅಪವಾದವೆಂದು ಪೂರ್ವಪಕ್ಷ. ಕಾರ್ಖಾನೆ 1961ರಲ್ಲಿ ಗಡಿಯಾರ ಮಾಡತೊಡಗಿತು, 2016ರಲ್ಲಿ ಕಂಪನಿ ಮುಚ್ಚಲು ಸರ್ಕಾರ ತೀರ್ಮಾನಿಸಿತು, ಆಮೇಲೆ ಹುಡುಗರು ಹುಡುಕಿಕೊಂಡು ಬರತೊಡಗಿದರು. ಆದರೆ ಮಾರಾಟವಾಗುವುದು ಬೆನ್ನು ಬೋಳಾಗಿರುವ ಗಡಿಯಾರ. ಬೆನ್ನ ಮೇಲೆ ನಿವೃತ್ತಿಯ ಶುಭಾಶಯ ಕೊರೆದದ್ದು ನನ್ನ ಗಾಜಿನ ಪೆಟ್ಟಿಗೆಯಲ್ಲೇ ಎರಡನೇ ಸಲ ನಿವೃತ್ತವಾಗಿದೆ. ಸೂತ್ರಕ್ಕೆ ಬಾಧೆಯಿಲ್ಲ.

ಮೂರನೇ ದಿನ ಮಧ್ಯಾಹ್ನ, ಬೀದಿ ಮಲಗಿದ್ದ ಹೊತ್ತಿಗೆ, ಮಾಮಿ ಮತ್ತೆ ಬಂದರು. ಪೇಪರಿನಲ್ಲಿ ಸುತ್ತಿದ ಡಬ್ಬಿ. ಬೋರಲು ಹಾಕಿದೆ: ಎದುರುಮನೆಯವರು ಮಾಮಿಯ ಮಗನ ಉಪನಯನಕ್ಕೆ ಕೊಟ್ಟದ್ದು.

"ಅವಳಿಗೆ ಹೇಳ್ಬೇಡ. ಹೆಸರು ಉಜ್ಜಿಸಿಬಿಡು" ಎಂದರು.

ಬೋರಲು ಹಾಕಿದಾಗ ಮುಚ್ಚಳ ಸಡಿಲಿ ಎರಡು ಚಮಚ ಸಕ್ಕರೆ ಮೇಜಿನ ಮೇಲೆ ಚೆಲ್ಲಿತ್ತು. ಖಾಲಿ ಪಾತ್ರೆ ಕೊಡಬಾರದಲ್ಲ.

ಜಿಎಸ್‌ಟಿ ನಿಯಮದಂತೆ ಹಳೇ ಸಾಮಾನಿಗೆ ತೆರಿಗೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ. ನಷ್ಟವಾದರೆ ಏನೂ ಇಲ್ಲ. ಷರತ್ತುಗಳಲ್ಲಿ ಒಂದು, ವಸ್ತುವಿನ ಸ್ವರೂಪ ಬದಲಾಗುವಂಥ ಸಂಸ್ಕರಣೆ ಆಗಿರಬಾರದು. ವರ್ಷಕ್ಕೆ 40 ಲಕ್ಷದ ವಹಿವಾಟು ದಾಟದವರಿಗೆ ಈ ತಲೆನೋವೇ ಇಲ್ಲ, ಆ ಗಡಿಯಿಂದ ನನ್ನ ಅಂಗಡಿ 39 ಲಕ್ಷ ಚಿಲ್ಲರೆ ದೂರದಲ್ಲಿದೆ. ಆದರೂ ಶಾಸ್ತ್ರದೃಷ್ಟಿಯಿಂದ ಎರಡು ಪ್ರಶ್ನೆ ಏಳುತ್ತವೆ. ದಾನಿಯ ಹೆಸರು ಉಜ್ಜಿದರೆ ಸ್ವರೂಪ ಬದಲಾದಂತೆಯೋ ಇಲ್ಲವೋ? ಸಕ್ಕರೆಯನ್ನು ದಾಸ್ತಾನಿನಲ್ಲಿ ಬರೆಯಬೇಕೋ ಬೇಡವೋ? ಮೊದಲನೆಯದಕ್ಕೆ ವಿದ್ವಾಂಸರ ಅಭಿಪ್ರಾಯಕ್ಕಾಗಿ ಕಾಯುತ್ತಿದ್ದೇನೆ, ಡಬ್ಬಿ ಮೇಜಿನ ಕೆಳಗಿದೆ. ಎರಡನೆಯದರಲ್ಲಿ, ವಿಚಾರಣೆಗೆ ಮೊದಲೇ ಸಾಕ್ಷ್ಯವನ್ನು ಈ ಲೇಖಕ ಬಾಯಿಗೆ ಹಾಕಿಕೊಂಡಾಗಿದೆ.