ಬಿಲ್ಲಿಲ್ಲದ ಬಾಣ

ಧಾರವಾಡದ ಕೆಲಗೇರಿ ಕೆರೆಯ ಸಮೀಪದ ಗ್ಯಾರೇಜಿನಲ್ಲಿ, ಬ್ರೇಕು ಹಿಡಿಯುವುದಿಲ್ಲವೆಂದು ಬಿಟ್ಟುಹೋಗಿದ್ದ ಸ್ಕೂಟರನ್ನು ಒಯ್ಯಲು ಬಂದ ಗ್ರಾಹಕ, ಅವರ ಜೊತೆಗಿದ್ದ ವಕೀಲರು ಹಾಗೂ ಮೇಸ್ತ್ರಿಯ ನಡುವೆ ನಡೆದ ಶಾಸ್ತ್ರಚರ್ಚೆಯ ಪಾಠ ಇಂತಿದೆ.

ಮೇಸ್ತ್ರಿ: ನಿಲ್ಲೂದಿಲ್ಲಂತ ತಂದಿದ್ರಿ, ಈಗ ಚಾಲೂನೇ ಆಗೂದಿಲ್ಲ, ಇನ್ನ ನಿಲ್ಲಸೂ ಚಿಂತಿ ಎಲ್ಲೈತಿ?

ವಕೀಲರು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಇದು ಸೇವಾ ನ್ಯೂನತೆ, ಅಂದರೆ ಹಣಕ್ಕಾಗಿ ಮಾಡಿದ ಕೆಲಸದಲ್ಲಿ ಉಳಿದ ಕೊರತೆಯಾಗಿದ್ದು, 2 ವರ್ಷಗಳೊಳಗೆ ಧಾರವಾಡ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದೆ ಮತ್ತು ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ಗ್ರಾಹಕ: ತಮ್ಮ ಶುಲ್ಕ?

ವಕೀಲರು: ಅದು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಬಿಲ್ಲು ಎಲ್ಲಿದೆ?

ಗ್ರಾಹಕ: ಜಿಎಸ್‌ಟಿ ಉಳೀತೈತಂತ ಬ್ಯಾಡ ಅಂದಿದ್ದೆ.

ಮೇಸ್ತ್ರಿ: ಬಿಲ್ಲಿಲ್ದ ಬಾಣ ಹೆಂಗ ಬಿಡ್ತೀರಿ? ನನ್ನ ಕೂಲಿ ಕೊಡೂತನಕ ಗಾಡಿ ಇಲ್ಲೇ.

ವಕೀಲರು: 1872ರ ಕರಾರು ಕಾಯ್ದೆಯ 170ನೆಯ ಕಲಮು ನೀಡುವ ಧಾರಣಾಧಿಕಾರವು, ಎಂದರೆ ಕೂಲಿ ಸಲ್ಲುವವರೆಗೆ ವಸ್ತುವನ್ನು ತಡೆಹಿಡಿಯುವ ಹಕ್ಕು, ಒಪ್ಪಿಕೊಂಡ ಕೆಲಸವನ್ನು ಸರಿಯಾಗಿ ಮಾಡಿದವರಿಗೆ ಮಾತ್ರ.

ಮೇಸ್ತ್ರಿ: ನಾ ಎಲ್ಲಿ ತಡದೇನ್ರಿ? ಬೇಕಾದ್ರ ಹೊಡಕೊಂಡ ಹೋಗ್ರಿ!

ಗ್ರಾಹಕ: ಆಯೋಗಕ್ಕರ ಹೆಂಗ ಹೋಗೂದು?

ಮೇಸ್ತ್ರಿ: ಕೂಡ್ರಿ, ನಾನೇ ಬಿಟ್ಟ ಬರ್ತೇನಿ, ರಿಪೇರಿಗೆ ಬಂದ ಇನ್ನೊಬ್ಬರ ಗಾಡಿ ಐತಿ.